ಡ್ರಾಯರ್ ತಾನಾಗಿ ಹೊರಬಂದರೆ: ಫರ್ನಿಚರ್ ಕೂರಿಸಿಕೊಡುವವರಿಗೆ ಒಂದು ಬಹಿರಂಗ ಪತ್ರ

ಮರಗೆಲಸದ ಆಚಾರ್ರಿಗೆ, ಫರ್ನಿಚರ್ ಅಂಗಡಿಯವರಿಗೆ, ಡಬ್ಬ ಬಿಚ್ಚಿ ಮನೆಯಲ್ಲೇ ಜೋಡಿಸಿಕೊಟ್ಟು ಹೋಗುವ ಹುಡುಗರಿಗೆ,



"ಡ್ರಾಯರ್ ಮುಚ್ಚಿದ್ರೆ ನಿಲ್ಲೋದೇ ಇಲ್ಲ, ತಾನಾಗೇ ಹೊರಗೆ ಬರುತ್ತೆ" ಎಂಬ ಫೋನು ನಿಮಗೆ ಎಷ್ಟೋ ಸಲ ಬಂದಿರುತ್ತದೆ. "ಚಾನೆಲ್ ಹೊಸದು ಮೇಡಂ, ಸ್ಮೂತ್ ಆಗಿದೆ, ಸ್ವಲ್ಪ ದಿನಕ್ಕೆ ಸರಿಹೋಗುತ್ತೆ" ಎಂದು ಹೇಳಿ ನೀವು ಫೋನ್ ಇಟ್ಟಿರುತ್ತೀರಿ. ಅದು ಸರಿಹೋಗುವುದಿಲ್ಲ. ಈ ದೂರು ಚಿಕ್ಕದೆಂದು ಬದಿಗಿಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಕೈ ಮುಟ್ಟದೆ ಡ್ರಾಯರ್ ಹೊರಬರುತ್ತಿದ್ದರೆ ಬಹಳ ಮಟ್ಟಿಗೆ ಆ ಕಪಾಟೇ ಮುಂದಕ್ಕೆ ವಾಲಿ ನಿಂತಿದೆ ಎಂದರ್ಥ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದನ್ನು ಹಾಗೇ ಬಿಡುವಂತಿಲ್ಲ.

ಹಿಂದಿನ ತೇಗದ, ಹಲಸಿನ ಮೇಜುಗಳ ಖಾನೆಗಳಿಗೆ ಈ ಕಾಯಿಲೆ ಇರಲಿಲ್ಲ. ಅವಕ್ಕಿದ್ದದ್ದು ಇದಕ್ಕೆ ತದ್ವಿರುದ್ಧದ್ದು. ಮಲೆನಾಡಿನ ಆಷಾಢದಲ್ಲಿ ಮರ ಉಬ್ಬಿ, ಖಾನೆ ಹಿಡಿದುಕೊಂಡು, ಎರಡು ಕೈ ಹಾಕಿ ಎಳೆದರೂ ಬರುತ್ತಿರಲಿಲ್ಲ. ಅಂಚಿಗೆ ಮೇಣದಬತ್ತಿಯನ್ನೋ ಒಣ ಸೋಪನ್ನೋ ಉಜ್ಜಿ ಸಡಿಲ ಮಾಡಿಕೊಳ್ಳುತ್ತಿದ್ದರು. ಮರದ ಮೇಲೆ ಮರ ಜಾರುವಾಗ ಘರ್ಷಣೆ ಹೆಚ್ಚು, ಹತ್ತು ಡಿಗ್ರಿ ವಾಲಿಸಿದರೂ ಖಾನೆ ತಾನಾಗಿ ಕದಲುವುದು ಕಷ್ಟ. ಈಗ ನೀವು ಹಾಕುವ ಟೆಲಿಸ್ಕೋಪಿಕ್ ಚಾನೆಲ್‌ನಲ್ಲಿ ಸಾಲು ಉಕ್ಕಿನ ಗುಂಡುಗಳು ಉರುಳುತ್ತವೆ. ತುಂಬಿದ ಡ್ರಾಯರ್ ಹೊರಡಲು ಒಂದು ಡಿಗ್ರಿ ವಾಲಿದರೂ ಸಾಕು. 45 ಸೆಂಟಿಮೀಟರ್ ಆಳದ ಕಪಾಟಿಗೆ ಒಂದು ಡಿಗ್ರಿ ಎಂದರೆ ಮುಂಗಾಲಿನ ಕಡೆ ಸುಮಾರು 8 ಮಿಲಿಮೀಟರ್ ತಗ್ಗು. ಅಷ್ಟು ತಗ್ಗು ನಿಂತು ನೋಡುವ ಕಣ್ಣಿಗೆ ಕಾಣುವುದಿಲ್ಲ.

ಅಷ್ಟು ತಗ್ಗು ನಮ್ಮ ಮನೆಗಳ ನೆಲದಲ್ಲಿ ಧಾರಾಳವಾಗಿ ಸಿಗುತ್ತದೆ. ಬಾಲ್ಕನಿಯ ಕಡೆಗೆ, ಬಚ್ಚಲಿನ ಕಡೆಗೆ ನೀರು ಹರಿಯಲೆಂದು ಮೇಸ್ತ್ರಿ ವಾಟ ಕೊಟ್ಟಿರುತ್ತಾನೆ. ತೊಳೆದ ನೀರು ಬಾಗಿಲಾಚೆ ಹೋಗಲೆಂದು ಹಳೆಯ ರೆಡ್ ಆಕ್ಸೈಡ್ ನೆಲಗಳಲ್ಲಿ ಇಡೀ ಕೋಣೆಗೇ ವಾಟ ಇರುವುದುಂಟು. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಕಾರಣ ಬೇರೆ. ಅಲ್ಲಿ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿನ ಅಂಚನ್ನು ಮೊಳೆಪಟ್ಟಿಯ ಮೇಲೆ ಹಿಡಿಸಿರುತ್ತಾರೆ. ಕಪಾಟಿನ ಹಿಂಗಾಲು ಆ ಉಬ್ಬಿನ ಮೇಲೆ ಕೂತು ಮುಂಗಾಲು ಮೆತ್ತಗೆ ಇಳಿಯುತ್ತದೆ. ಎಲ್ಲಿಯದೇ ಆಗಲಿ, ನೆಲ ನೋಡದೆ ಚಾನೆಲ್ ಬದಲಿಸುವುದು ಗ್ರಾಹಕರ ದುಡ್ಡು ದಂಡ.

ಆದ್ದರಿಂದ ದೂರು ಬಂದಾಗ ಸ್ಕ್ರೂಡ್ರೈವರ್‌ಗೆ ಮೊದಲು ರಸಮಟ್ಟ ತೆಗೆಯಿರಿ. ಕಪಾಟಿನ ತಲೆಯ ಮೇಲೆ ಹಿಂದಿನಿಂದ ಮುಂದಕ್ಕೆ ಒಮ್ಮೆ, ಎಡದಿಂದ ಬಲಕ್ಕೆ ಒಮ್ಮೆ ಇಟ್ಟು ನೋಡಿ. ರಸಮಟ್ಟ ಇಲ್ಲದ ಮನೆಯವರು ಮಕ್ಕಳ ಗೋಲಿಯೊಂದನ್ನು ಮೇಲಿಟ್ಟರೂ ಇಳಿಜಾರು ಯಾವ ಕಡೆಗೆಂದು ತಿಳಿಯುತ್ತದೆ. ಮುಂದಕ್ಕೆ ಉರುಳಿದರೆ ಮುಂಗಾಲುಗಳ ಕೆಳಗೆ ಪ್ಯಾಕಿಂಗ್ ಕೊಡಬೇಕು. ಅದಕ್ಕೆ ಪ್ಲೈವುಡ್ ಚಕ್ಕೆ, ಮೈಕಾ ತುಂಡು, ದಪ್ಪ ರಬ್ಬರ್ ಆಗುತ್ತದೆ. ಮಡಚಿದ ರಟ್ಟು, ನ್ಯೂಸ್‌ಪೇಪರ್ ಬೇಡ. ನೆಲ ಒರೆಸುವ ನೀರು ಕುಡಿದು ಅವು ತಿಂಗಳೊಳಗೆ ಚಪ್ಪಟೆಯಾಗುತ್ತವೆ. ತಿರುಗಿಸಿ ಎತ್ತರ ಹೊಂದಿಸುವ ಲೆಗ್ ಇದ್ದರೆ ಇನ್ನೂ ಒಳ್ಳೆಯದು. ಕೂದಲೆಳೆಯಷ್ಟು ಹಿಂದಕ್ಕೆ ವಾಲುವಂತೆ ಕೂರಿಸಿದರೆ ಡ್ರಾಯರ್‌ನ ಭಾರವೇ ಅದನ್ನು ಒಳಗೆ ಹಿಡಿದಿಡುತ್ತದೆ. ನಾಲ್ಕು ಕಾಲಲ್ಲಿ ಒಂದು ಮಾತ್ರ ತೇಲುತ್ತಿದ್ದರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ, ಎರಡು ಬದಿಯ ಚಾನೆಲ್‌ಗಳ ಸಮ ತಪ್ಪುತ್ತದೆ. ಅದನ್ನೂ ನೋಡಿ.

ಮಟ್ಟ ಸರಿಯಿದ್ದೂ ಡ್ರಾಯರ್ ಹೊರಬರುತ್ತಿದ್ದರೆ ಅದನ್ನು ಪೂರ್ತಿ ಹೊರತೆಗೆಯಿರಿ. ಎರಡೂ ಬದಿಯಲ್ಲಿ ಕಪ್ಪು ಪ್ಲಾಸ್ಟಿಕ್ ನಾಲಗೆ ಇರುತ್ತದಲ್ಲ, ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಒತ್ತಿ ಎಳೆದರೆ ಬರುತ್ತದೆ. ಇದನ್ನು ಗ್ರಾಹಕರಿಗೂ ಒಮ್ಮೆ ತೋರಿಸಿಕೊಡಿ. ಎಷ್ಟೋ ಮನೆಗಳಲ್ಲಿ ಹಿಂದೆ ಬಿದ್ದ ಒಂದು ಕಾಲುಚೀಲ, ಮಗುವಿನ ಬನಿಯನ್ನು ಡ್ರಾಯರನ್ನು ಕೊನೆಯವರೆಗೆ ಹೋಗಲು ಬಿಡುತ್ತಿರುವುದಿಲ್ಲ. ಚಾನೆಲ್‌ನ ಹಿಂತುದಿಯಲ್ಲಿ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಪುಟ್ಟ ಹಿಡಿತವಿದೆ. ಡ್ರಾಯರ್ ಅದರೊಳಗೆ ಟಕ್ಕೆಂದು ಕೂತರೆ ಮಾತ್ರ ಮುಚ್ಚಿಕೊಂಡು ನಿಲ್ಲುತ್ತದೆ. ಅಡ್ಡ ಏನೂ ಇಲ್ಲದೆಯೂ ಕೂರುತ್ತಿಲ್ಲವೆಂದರೆ ಆ ಹಿಡಿತ ಸವೆದಿದೆ ಅಥವಾ ಮುರಿದಿದೆ. ಆಗ ಚಾನೆಲ್ ಜೋಡಿಯನ್ನು ಬದಲಿಸುವುದೇ ದಾರಿ, ಒಂದು ಬದಿಯದನ್ನಲ್ಲ. ಬಿಳಿ ಬಣ್ಣದ ರೋಲರ್ ಚಾನೆಲ್ ಆದರೆ ಅದರ ಹಿಂತುದಿಯಲ್ಲಿ ಸಣ್ಣ ಇಳಿಕೆ ಇರುತ್ತದೆ, ಚಕ್ರ ಅದರಲ್ಲಿ ಬಿದ್ದು ನಿಲ್ಲಬೇಕು. ಪಟ್ಟಿಯನ್ನು ಮುಂದೆ ತಗ್ಗಾಗಿ ಹೊಡೆದಿದ್ದರೆ ಆ ಇಳಿಕೆ ಇದ್ದೂ ಇಲ್ಲದಂತೆ. ಪಾರ್ಟಿಕಲ್ ಬೋರ್ಡಿನಲ್ಲಿ ತೇವಕ್ಕೆ ಸ್ಕ್ರೂ ತೂತು ಪುಡಿಯಾಗಿ ಚಾನೆಲ್ ಜೋತುಬಿದ್ದಿದ್ದರೆ ಅದೇ ತೂತಿಗೆ ಮತ್ತೆ ಬಿಗಿಯಬೇಡಿ. ಸ್ವಲ್ಪ ಆಚೆ ಹೊಸ ತೂತು ಮಾಡಿ.

ಹಗುರ ಡ್ರಾಯರ್‌ಗೆ ಹಾರ್ಡ್‌ವೇರ್ ಅಂಗಡಿಯ ಮ್ಯಾಗ್ನೆಟ್ ಕ್ಯಾಚರ್ ಸಾಕು. ಸೀರೆ, ಬೆಡ್‌ಶೀಟ್ ತುಂಬಿದ ಭಾರದ ಡ್ರಾಯರ್‌ಗೆ ಸಾಫ್ಟ್ ಕ್ಲೋಸ್ ಚಾನೆಲ್ ಮೇಲು, ಅದರ ಸ್ಪ್ರಿಂಗ್ ಕೊನೆಯಲ್ಲಿ ಎಳೆದುಕೊಂಡು ಹಿಡಿದಿರುತ್ತದೆ. ಆದರೆ ವಾಲಿದ ಕಪಾಟಿಗೆ ಮಟ್ಟ ಮಾಡದೆ ಇವನ್ನೆಲ್ಲ ಹಾಕಿಕೊಡಬೇಡಿ. ಡ್ರಾಯರ್ ನಿಂತಿತೆಂದು ಮನೆಯವರು ಸಮಾಧಾನಪಡುತ್ತಾರೆ, ಕಪಾಟು ವಾಲಿಕೊಂಡೇ ಇರುತ್ತದೆ.

ವಾಲಿದರೇನಾಯಿತು ಎನ್ನುವವರಿಗೆ ಮುಂದಿನ ಮಾತು. ಮುಚ್ಚಿದ ಡ್ರಾಯರ್‌ಗಳ ಭಾರ ಕಾಲುಗಳ ನಡುವೆ ಬೀಳುತ್ತದೆ. ಎರಡು ಮೂರು ಒಟ್ಟಿಗೆ ಹೊರಬಂದರೆ ಅಷ್ಟೂ ಭಾರ ಮುಂಗಾಲಿನಾಚೆಗೆ ಸರಿಯುತ್ತದೆ. ಮೂರು ವರ್ಷದ ಮಗುವಿಗೆ ತೆರೆದ ಡ್ರಾಯರ್ ಎಂದರೆ ಮೆಟ್ಟಿಲು. ಕೆಳಗಿನದರ ಮೇಲೆ ಕಾಲಿಟ್ಟು ಮೇಲಿನದನ್ನು ಹಿಡಿದುಕೊಂಡರೆ ಕಪಾಟು ಮಗುವಿನ ಮೇಲೇ ಮಗುಚಿಬೀಳುತ್ತದೆ. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತ ಮೇಲೆ 2016ರ ಜೂನ್‌ನಲ್ಲಿ ಐಕಿಯ ಕಂಪನಿ ಮಾಲ್ಮ್ ಸರಣಿಯೂ ಸೇರಿ ಸುಮಾರು 2.9 ಕೋಟಿ ಕಪಾಟುಗಳನ್ನು ಹಿಂಪಡೆಯುವುದಾಗಿ ಘೋಷಿಸಬೇಕಾಯಿತು. ಕ್ಯಾಲಿಫೋರ್ನಿಯಾದ ಎರಡು ವರ್ಷದ ಮಗುವಿನ ಸಾವಿನ ಪ್ರಕರಣದಲ್ಲಿ ಅದು 4.6 ಕೋಟಿ ಡಾಲರ್ ಕೊಡಲು ಒಪ್ಪಿದ್ದು 2020ರ ಜನವರಿಯಲ್ಲಿ. ಮಕ್ಕಳನ್ನು ಕಳೆದುಕೊಂಡ ತಾಯ್ತಂದೆಯರು ಪಟ್ಟುಬಿಡದೆ ಓಡಾಡಿದ್ದರಿಂದ 2022ರ ಕೊನೆಯಲ್ಲಿ ಸ್ಟರ್ಡಿ ಎಂಬ ಕಾನೂನು ಬಂತು. ಅದರಡಿಯ ಮಾನದಂಡ 2023ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಭಾರ ತುಂಬಿ, ಒಂದಕ್ಕಿಂತ ಹೆಚ್ಚು ಡ್ರಾಯರ್ ತೆರೆದಿಟ್ಟು, ಕಾರ್ಪೆಟ್ ಮೇಲಿಟ್ಟಂತೆ ವಾಲಿಸಿ, 60 ಪೌಂಡ್, ಅಂದರೆ ಸುಮಾರು 27 ಕಿಲೋ ತೂಕದ ಮಗು ಹತ್ತಿದರೂ ಕಪಾಟು ಬೀಳಬಾರದು ಎಂಬುದು ಆ ಮಾನದಂಡದ ಪರೀಕ್ಷೆಗಳ ತಿರುಳು.

ಮಟ್ಟ ಮಾಡಿದ ಮೇಲೆ ಉಳಿಯುವ ಕೆಲಸ ಒಂದೇ: ಕಪಾಟಿನ ಮೇಲ್ಭಾಗವನ್ನು ಗೋಡೆಗೆ ಬಿಗಿಯುವುದು. ಎರಡು ಎಲ್ ಆ್ಯಂಗಲ್, ನಾಲ್ಕಾರು ಸ್ಕ್ರೂ, ಗಿಟ್ಟಿ. ಆ್ಯಂಗಲ್ಲನ್ನು ಕಪಾಟಿನ ಗಟ್ಟಿ ಹಲಗೆಗೆ ಹೊಡೆಯಿರಿ, ಹಿಂದಿನ ತೆಳು ಶೀಟಿಗಲ್ಲ. ಗಿಟ್ಟಿ ಪ್ಲಾಸ್ಟರ್‌ನಲ್ಲೇ ನಿಲ್ಲದೆ ಇಟ್ಟಿಗೆಯೊಳಗೆ ಹೋಗಲಿ. ಹೊಸ ಅಪಾರ್ಟ್‌ಮೆಂಟುಗಳ ಎಎಸಿ ಬ್ಲಾಕ್ ಗೋಡೆ ಮೃದು, ಅದಕ್ಕೆಂದೇ ಬರುವ ಉದ್ದನೆಯ ಗಿಟ್ಟಿ ಬಳಸಿ. ಸ್ಕರ್ಟಿಂಗ್‌ನಿಂದಾಗಿ ಕಪಾಟಿಗೂ ಗೋಡೆಗೂ ಸಂದು ಉಳಿದರೆ ನಡುವೆ ಮರದ ಪಟ್ಟಿ ಕೊಡಿ. ಇದೆಲ್ಲ ನಿಮಗೆ ಅರ್ಧ ಗಂಟೆಯ ಕೆಲಸ.

ಬಾಡಿಗೆ ಮನೆಯ ಓನರ್‌ಗಳಿಗೂ ಇಲ್ಲೇ ಒಂದು ಮಾತು. ಗೋಡೆಗೆ ಮೊಳೆ ಹೊಡೆಯಬೇಡಿ ಎಂದು ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳುತ್ತೀರಿ. ಮಗುವಿರುವ ಬಾಡಿಗೆದಾರರಿಗೆ ಈ ಎರಡು ತೂತಿನ ಮಟ್ಟಿಗೆ ಅನುಮತಿ ಕೊಡಿ. ಅವರು ಖಾಲಿ ಮಾಡಿದಾಗ ಒಂದು ಚಮಚ ಪುಟ್ಟಿ ಸಾಕು.

ಆಚಾರ್ರೇ, ಅಂಗಡಿಯವರೇ, ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಕಪಾಟನ್ನು ಮನೆಯೊಳಗೆ ಇಳಿಸಿ ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತೆಂದು ಎಣಿಸಬೇಡಿ. ಕಳಿಸುವ ಹುಡುಗರ ಚೀಲದಲ್ಲಿ ರಸಮಟ್ಟ, ಪ್ಯಾಕಿಂಗ್ ಚಕ್ಕೆ, ಆ್ಯಂಗಲ್, ಗಿಟ್ಟಿ ತಪ್ಪದೆ ಇರಲಿ. ಮನೆಯವರು ಕೇಳದಿದ್ದರೂ ಮಟ್ಟ ನೋಡಿ, ಗೋಡೆಗೆ ಬಿಗಿದು ಬನ್ನಿ. ಅದರ ಖರ್ಚನ್ನು ಬೆಲೆಯಲ್ಲೇ ಸೇರಿಸಿ, ನಾವು ಕೊಡುತ್ತೇವೆ.

ಇಂತಿ,
ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗು ಇರುವ ಒಬ್ಬ ಗ್ರಾಹಕಿ