ಅಡಿಕೆ ಕಣದಲ್ಲಿ ಸ್ವಿಸ್ ಬಾಲ್

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿ ಶುರುವಾದರೆ ಯಾರಿಗೂ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿರುವುದಿಲ್ಲ. ನಾನೋ ಖೇಣಿ (ತೋಟದ ಫಸಲಿನ ಗುತ್ತಿಗೆ) ಲೆಕ್ಕ ಬರೆಯುವವನು. ಬಗ್ಗಿ ಬಗ್ಗಿ ಬೆನ್ನು ಕುಡುಗೋಲಿನಂತಾಗಿತ್ತು. ದಾವಣಗೆರೆಯ ಫಿಸಿಯೋಥೆರಪಿಸ್ಟ್ ನೋಡಿ, "ಸರ್, ಒಂದು ಭುಜ ಮೇಲಿದೆ, ಇನ್ನೊಂದು ಕೆಳಗಿದೆ. ಸ್ವಿಸ್ ಬಾಲ್ ತಗೊಂಡು ಕೂತು ಅಭ್ಯಾಸ ಮಾಡಿ" ಅಂದರು.

ಈ ಗಾಳಿ ಚೆಂಡು ಮಾಡಿದವನು ಇಟಲಿಯ ಅಕ್ವಿಲಿನೊ ಕೊಸಾನಿ, 1963ರಲ್ಲಿ. ಸ್ವಿಟ್ಜರ್ಲೆಂಡಿನ ಫಿಸಿಯೋಥೆರಪಿಯವರು ಬಳಸಿದ್ದಕ್ಕೆ ಹೆಸರು ಅವರ ದೇಶಕ್ಕೆ ಹೋಯಿತು. ದುಡಿದವನೊಬ್ಬ, ಹೆಸರು ಇನ್ನೊಬ್ಬನಿಗೆ. ಖೇಣಿ ವ್ಯವಹಾರದಲ್ಲೂ ಇದೇ ಕಥೆ ಬಿಡಿ.

ಐದಡಿ ಆರಿಂಚಿನ ನನಗೆ 65 ಸೆಂಟಿಮೀಟರಿನದು ಸಾಕಿತ್ತು. ದೊಡ್ಡದಿದ್ದರೆ ಲಾಭವೆಂದು 75ರದ್ದನ್ನೇ ತರಿಸಿ, ಸೈಕಲ್ ಪಂಪಿನಲ್ಲಿ ಟಣ್ ಅನ್ನುವಷ್ಟು ಗಾಳಿ ಹೊಡೆದೆ. ಕೂತಾಗ ತೊಡೆ ನೆಲಕ್ಕೆ ಸಮನಾಗಿರಬೇಕು, ಪಾದ ಪೂರ್ತಿ ಊರಬೇಕು. ನನ್ನದು ಹೆಬ್ಬೆರಳಷ್ಟೇ ನೆಲ ಕಂಡಿತು. ಚೆಂಡು ಅಲುಗಾಡುತ್ತಲೇ ಇರುವುದರಿಂದ ಹೊಟ್ಟೆ, ಬೆನ್ನಿನ ಒಳಸ್ನಾಯುಗಳು ನಮ್ಮನ್ನು ಹಿಡಿದು ನಿಲ್ಲಿಸಲು ಬಿಡುವಿಲ್ಲದೆ ದುಡಿಯುತ್ತವಂತೆ. ನನ್ನಲ್ಲಿ ದುಡಿದದ್ದು ಬಾಯೊಂದೇ.

ಜಗಲಿಯಿಂದ ಜಾರಿದ ಚೆಂಡು ನೇರ ಅಡಿಕೆ ಬೇಯಿಸುವ ಚೊಗರಿನ ಹಂಡೆಗೆ ಹೋಗಿ ಕೂತಿತು. ನಾನು ಆಗಷ್ಟೇ ಬೇಯಿಸಿ ಹರವಿದ್ದ ಅಡಿಕೆ ಮೇಲೆ ಕೂತೆ. ಬಿಳಿ ಪಂಚೆಯ ಹಿಂಭಾಗದಲ್ಲಿ ಎರಡು ಕೆಂಪು ದುಂಡು ಕಲೆ. ಚೊಗರು ಯಾವ ಸೋಪಿಗೂ ಜಗ್ಗದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ನನ್ನದು ಅಡಿಕೆ ಮೇಲೇ ಹೋಯಿತು.

"ಅಣ್ಣಾರೇ, ಒಣಗೈತಾ ಅಂತ ಕೂತು ನೋಡ್ತಿದೀರಾ?" ಅಂದಳು ಸುಲಿಯಲು ಬಂದಿದ್ದ ಅಕ್ಕ. ಆ ಮರದಿಂದ ಈ ಮರಕ್ಕೆ ತುದಿಯಲ್ಲೇ ದಾಟುವ ನಮ್ಮ ಕೊನೆಗಾರ, ಚೆಂಡನ್ನು ಎತ್ತಿ ಒರೆಸಿ, ಮೇಲೆ ನೆಟ್ಟಗೆ ಕೂತು ಬೀಡಿ ಹಚ್ಚಿದ. "ಇದ್ರಾಗೆ ಏನೈತೆ ಸಾಮಿ?" ನನ್ನವಳು ಒಳಗಿನಿಂದಲೇ, "ರೀ, ಉರುಳಿದ್ದು ಯಾವ್ದು, ಚೆಂಡಾ ನೀವಾ?" ಅಂದಳು. ಸುದ್ದಿ ಹೊನ್ನಾಳಿ, ನ್ಯಾಮತಿ ಸುತ್ತಿ ಸಂಜೆಯೊಳಗೆ ಜಗಳೂರಿನ ಬೀಗರಿಗೂ ಮುಟ್ಟಿತು. ಮಳೆಯೇ ಸರಿಯಾಗಿ ಮುಟ್ಟದ ಊರು ಅದು!

ಕೊಳ್ಳುವವರು ಎತ್ತರ ನೋಡಿ ಕೊಳ್ಳಿ, ಮೊದಮೊದಲು ಗೋಡೆಗೆ ಒತ್ತಿಸಿಟ್ಟು ಕೂರಿ. 75ರದ್ದೇ ಬೇಕೆಂದರೆ ನಮ್ಮಲ್ಲೊಂದಿದೆ: ಅಲ್ಲಲ್ಲಿ ಚೊಗರು, ಉಳಿದಂತೆ ಹೊಸದು. ಆರಡಿ ದಾಟಿದವರು ಮಾತ್ರ ಬನ್ನಿ.