ಗ್ರಿಡ್ ಹೂರಣ ಮೀಮಾಂಸೆ

ಡೇಟಾಬೇಸಿನಿಂದ ದತ್ತಾಂಶ ತಂದು ತುಂಬುವ ವಿಧಿಗೆ ಡಾಟ್ ನೆಟ್ ಶಾಸ್ತ್ರದಲ್ಲಿ ‘ಫಿಲ್’ ಎಂದು ಹೆಸರು. ಫಿಲ್ ಎಂದರೆ ಪೂರಣ. ಪಕಾರಕ್ಕೆ ಹಕಾರ ಬಂದು ಹೂರಣ. ಆದ್ದರಿಂದ ಗ್ರಿಡ್ಡೇ ಕಣಕ, ಪ್ರೋಗ್ರಾಮರನೇ ಒಬ್ಬಟ್ಟು ತಟ್ಟುವವನು ಎಂದು ಸಿದ್ಧವಾಯಿತು. ಒಪ್ಪದವರು ಇಲ್ಲಿಂದಲೇ ಎದ್ದು ಹೋಗಬಹುದು.

ದತ್ತಾಂಶವನ್ನು ಸಾಲು-ಕಂಬಗಳ ಸಂಬಂಧದಲ್ಲಿ ಇಡಬೇಕೆಂದು ಎಡ್ಗರ್ ಕಾಡ್ ಪ್ರತಿಪಾದಿಸಿದ್ದು 1970ರಲ್ಲಿ. ಆ ಸಾಲು-ಕಂಬಗಳನ್ನು ತೆರೆಯ ಮೇಲೆ ತೋರಿಸುವ ಗ್ರಿಡ್ಡಾದ ಡೇಟಾಗ್ರಿಡ್‌ವ್ಯೂ ಬಂದದ್ದು 2005ರಲ್ಲಿ. ಹೂರಣ ರುಬ್ಬಿಟ್ಟು 35 ವರ್ಷ ಕಳೆದ ಮೇಲೆ ಈ ಕಣಕ ನಾದಿದರು ಎಂಬುದನ್ನು ಪಾಕಶಾಸ್ತ್ರಜ್ಞರು ಗಮನಿಸಬೇಕು.

ವಿಧಾನ ಸರಳ. ಸೆಲೆಕ್ಟ್ ಕ್ವೆರಿ ಬರೆದು, ಡೇಟಾ ಅಡಾಪ್ಟರಿನಿಂದ ಡೇಟಾಟೇಬಲ್ ತುಂಬಿಸಿ, ಅದನ್ನು ಗ್ರಿಡ್ಡಿನ ಡೇಟಾಸೋರ್ಸಿಗೆ ಒಪ್ಪಿಸುವುದು. ಕನೆಕ್ಷನ್ ಮುಚ್ಚಿದ್ದರೆ ಅಡಾಪ್ಟರ್ ತಾನೇ ತೆರೆದು, ಕೆಲಸವಾದೊಡನೆ ತಾನೇ ಮುಚ್ಚುತ್ತದೆ. ನಮ್ಮ ಮನೆಯ ಫ್ರಿಜ್ಜಿನ ವಿಷಯದಲ್ಲಿ ಈ ಶಿಸ್ತು ಇನ್ನೂ ಬಂದಿಲ್ಲ. ಆದರೆ ಪ್ರೈಮರಿ ಕೀ ಇಲ್ಲದ ಅದೇ ಟೇಬಲ್ಲಿಗೆ ಎರಡನೇ ಸಲ ಫಿಲ್ ಮಾಡಿದರೆ ಹಳೆಯ ಸಾಲುಗಳ ಕೆಳಗೆ ಅವೇ ಸಾಲುಗಳು ಮತ್ತೆ ಬಂದು ಕೂರುತ್ತವೆ. ನಮ್ಮ ಬೀದಿಯ ಚೀಟಿ ಗುಂಪಿಗೆ ನಾನು ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದ್ದಕ್ಕೇ 20 ಸದಸ್ಯರು 40 ಆದರು. ಖಜಾಂಚಿ ಒಂದು ಕ್ಷಣ ಬಹಳ ಸಂತೋಷಪಟ್ಟರು.

ಇನ್ನು ಮುಖ್ಯ ವಿವಾದ. ಅದೇ ಪ್ರೋಗ್ರಾಮಿನಲ್ಲಿ ‘ಗೌರಮ್ಮ’ ಎಂದು ಸೇರಿಸಿದ ಹೆಸರು ಗ್ರಿಡ್ಡಿನಲ್ಲಿ ‘??????’ ಎಂದು ಮೂಡಿತು. ಛಂದಸ್ಸಿನ ಲೆಕ್ಕದಲ್ಲಿ ಗೌರಮ್ಮನಿಗೆ ಮೂರು ಅಕ್ಷರ, ಗುರು-ಗುರು-ಲಘು, ಒಟ್ಟು ಐದು ಮಾತ್ರೆ. ಆರನೆಯ ಪ್ರಶ್ನಾರ್ಥಕ ಎಲ್ಲಿಂದ ಬಂತು? ಯೂನಿಕೋಡ್ ಪಂಥದವರು ಗ, ಔತ್ವ, ರ, ಮ, ವಿರಾಮ, ಮ ಎಂದು ಬಿಡಿಸಿ ಆರು ಎಣಿಸುತ್ತಾರೆ. ನಮ್ಮ ಕಣ್ಣಿಗೆ ಕಾಣದ ವಿರಾಮಕ್ಕೂ ಅವರಲ್ಲಿ ಒಂದು ಪೂರ್ತಿ ಸೀಟು.

ಪರಿಹಾರವಿದೆ. ಕಂಬ ಎನ್‌ವಾರ್‌ಚಾರ್ ಆಗಿರಬೇಕು, ಕ್ವೆರಿಯಲ್ಲಿ ಹೆಸರಿನ ಉದ್ಧರಣ ಚಿಹ್ನೆಗೆ ಮುಂಚೆ ‘ಎನ್’ ಇರಬೇಕು. ಇದು ‘ನ್ಯಾಷನಲ್’ ಎಂಬುದರ ಮೊದಲಕ್ಷರ ಎಂಬುದು ಪೂರ್ವಪಕ್ಷ. ‘ಎನ್’ ಅಚ್ಚಗನ್ನಡದ ಧಾತು, ಎನ್ನದಿದ್ದರೆ ಡೇಟಾಬೇಸಿಗೆ ಕನ್ನಡ ಕೇಳಿಸದು ಎಂಬುದು ಸಿದ್ಧಾಂತ. ದಾಖಲೆ ಮಾತ್ರ ಪೂರ್ವಪಕ್ಷದ ಕಡೆಗಿದೆ. ದಾಖಲೆಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಒಮ್ಮೆ ಪ್ರಶ್ನಾರ್ಥಕವಾಗಿ ಕುಳಿತ ಹೆಸರು ಮಾತ್ರ ಎನ್ ಎಂದರೂ ವಾಪಸ್ ಬಾರದು. ಆದಕಾರಣ ಚೀಟಿ ಗುಂಪಿನ ‘??????’ ಅವರು ಈ ಭಾನುವಾರ ಬಂದು ಮತ್ತೊಮ್ಮೆ ಹೆಸರು ಬರೆಸಬೇಕಾಗಿ ವಿನಂತಿ.