ಎತ್ತರ ಐದಡಿ ಏಳಿಂಚು

ಬೈಲಹೊಂಗಲದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಎಂದರೆ ಬರೀ ಝೆರಾಕ್ಸ್ ಅಲ್ಲ. ಉತಾರ, ಬೆಳೆವಿಮೆ ಅರ್ಜಿ, ಬಸ್‌ಪಾಸಿನ ಫೋಟೊ, ಲಗ್ನಪತ್ರಿಕೆ, ಶ್ರದ್ಧಾಂಜಲಿ ಬ್ಯಾನರು ಎಲ್ಲಾ ಇಲ್ಲೇ. ಈ ಊರಿನಲ್ಲಿ ಹುಟ್ಟಿದವನು ಸಾಯುವುದರೊಳಗೆ ನಾಲ್ಕಾರು ಸಲವಾದರೂ ನನ್ನ ಅಂಗಡಿಯ ಕಟ್ಟೆ ಹತ್ತಲೇಬೇಕು. ಸತ್ತ ಮೇಲೆ ಅವನ ಪರವಾಗಿ ಮಕ್ಕಳು ಹತ್ತುತ್ತಾರೆ. ಕಿತ್ತೂರು ಚೆನ್ನಮ್ಮನ ಸಮಾಧಿ ನೋಡಲು ಬಂದ ಪರಊರಿನವರು ದಾರಿ ಕೇಳುವುದೂ ನನ್ನನ್ನೇ. ಆದರೆ ಇಷ್ಟು ವರ್ಷದಲ್ಲಿ ರೋಬೋಟಿನ ದಾರಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದವನು ನಮ್ಮ ಅಣ್ಣನ ಮಗ.

ಅವನು ಹುಬ್ಬಳ್ಳಿಯಲ್ಲಿ ಆಟೋಮೇಷನ್ ಮತ್ತು ರೋಬೋಟಿಕ್ಸ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಸೀಟು ಸಿಕ್ಕಾಗ ಮನೆಯಲ್ಲಿ ಯಾರಿಗೂ ಅರ್ಥವಾಗದಿದ್ದರೂ ಎಲ್ಲರಿಗೂ ಹೆಮ್ಮೆಯಾಗಿತ್ತು. “ರಜನೀಕಾಂತನ ಪಿಚ್ಚರಿನ್ಯಾಗ ಬರತಿತ್ತಲ್ಲ, ಅದನ ಮಾಡ್ತಾನ ಇವ” ಎಂದು ಅಣ್ಣ 2010ರ ಸಿನಿಮಾವನ್ನು ನೆನೆದು ಓಣಿಗೆಲ್ಲ ಪೇಢೆ ಹಂಚಿದ್ದ. ಮೂರು ವರ್ಷ ಸುಖವಾಗಿ ಕಳೆಯಿತು. ಆಮೇಲೆ ಒಂದು ಸಂಜೆ ಹುಡುಗ ಬಂದು, ಇಂಟರ್ನ್‌ಶಿಪ್ ಮಾಡದಿದ್ದರೆ ಡಿಗ್ರಿ ಇಲ್ಲ ಎಂದ.

“ಏನಪಾ ಅದು?” ಎಂದ ನಮ್ಮ ಮುತ್ತ್ಯಾ, ಹೊರಸಿನ ಮೇಲಿಂದ.

“ಕಂಪನಿಯೊಳಗ ಹೋಗಿ ಕೆಲಸ ಕಲಿಯೂದು ಮುತ್ತ್ಯಾ.”

“ಪಗಾರ?”

“ಕೊಟ್ರ ಕೊಟ್ರು, ಇಲ್ಲಂದ್ರ ಇಲ್ಲ.”

“ಹಂಗಾರ ಉಮೇದವಾರಿ ಅನ್ನು. ಇಷ್ಟಕ್ಕ ಇಂಗ್ಲೀಷ್ ಯಾಕ ಬೇಕು?”

ಮುತ್ತ್ಯಾ 1955ರಲ್ಲಿ, ಬೆಳಗಾವಿ ಇನ್ನೂ ಮುಂಬೈ ರಾಜ್ಯದಲ್ಲಿದ್ದಾಗ, ಮಾಮಲೇದಾರ ಕಚೇರಿಯಲ್ಲಿ ಒಂದೂವರೆ ವರ್ಷ ಉಮೇದವಾರಿ ಮಾಡಿದವನು. ದೌತಿಗೆ ಮಸಿ ತುಂಬುವುದು, ಖಾತೆ ಪುಸ್ತಕಕ್ಕೆ ಗೆರೆ ಹೊಡೆಯುವುದು, ಸಾಹೇಬರ ಮಗನಿಗೆ ಮಗ್ಗಿ ಹೇಳಿಸುವುದು ಅವನ ಕೆಲಸ. ಕೊನೆಗೆ ತಲಾಠಿಯಾದ. ಉಮೇದು ಎಂದರೆ ಆಸೆ. ಪಗಾರ ಇಲ್ಲದ ಜಾಗದಲ್ಲಿ ಆಸೆಯೊಂದನ್ನೇ ಹಿಡಿದು ಕುಳಿತವನನ್ನು ಉಮೇದವಾರ ಎಂದು ಕರೆದ ಹಿಂದಿನವರು ಶಬ್ದವನ್ನು ತೂಗಿಯೇ ಇಟ್ಟಿದ್ದಾರೆ.

ರೆಸ್ಯೂಮೆ ಮಾಡುವ ಹೊಣೆ ಸಹಜವಾಗಿ ನನ್ನ ಪಾಲಿಗೆ ಬಂತು. ನನ್ನ ಕಂಪ್ಯೂಟರಿನಲ್ಲಿ ಅತಿ ಹೆಚ್ಚು ಓಡುವ ಫೈಲು ಲಗ್ನದ ಬಯೋಡಾಟಾ. ಹೆಸರು, ಹುಟ್ಟಿದ ದಿನ, ವಿದ್ಯೆ, ತಂದೆಯ ಉದ್ಯೋಗ ಎಲ್ಲ ಎರಡಕ್ಕೂ ಒಂದೇ, ಹೊಸದಾಗಿ ಯಾಕೆ ಬಡಿಯಬೇಕು ಎಂದು ಅದರ ಮೇಲೆಯೇ ಹುಡುಗನ ವಿವರ ತುಂಬಿದೆ. ಗಣಪತಿಯ ಚಿತ್ರ ತೆಗೆದೆ. ಅಂದವಾದ ಇಂಗ್ಲಿಷ್ ಅಕ್ಷರ ಹಾಕಿದೆ. ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಪುಣೆಯ ಚಾಕಣ ಎಂದು ನಲವತ್ಮೂರು ಕಂಪನಿಗಳಿಗೆ ಒಂದೇ ರಾತ್ರಿಯಲ್ಲಿ ಕಳಿಸಿದೆವು.

ಹದಿನೈದು ದಿನ ಯಾವ ಉತ್ತರವೂ ಇಲ್ಲ. ಹದಿನಾರನೇ ದಿನ ಹುಡುಗ ತನ್ನ ರೆಸ್ಯೂಮೆಯ ಎರಡನೇ ಪುಟಕ್ಕೆ ಹೋದ. ಅಲ್ಲಿ ನಾನು ಅಳಿಸಲು ಮರೆತ ನಾಲ್ಕು ಸಾಲುಗಳು ಸಾಲಾಗಿ ನಿಂತಿದ್ದವು. ಎತ್ತರ: ಐದಡಿ ಏಳಿಂಚು. ಮೈಬಣ್ಣ: ಗೋಧಿ. ಆಸ್ತಿ: ನೀರಾವರಿ ನಾಲ್ಕು ಎಕರೆ. ನಿರೀಕ್ಷೆ: ಸಂಸ್ಕಾರವಂತ ಮನೆತನ. ಎತ್ತರ ಕೂಡ ಅವನದಲ್ಲ, ಹಿಂದಿನ ವರನದು.

ಹುಡುಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ನಾನು ಸಮಾಧಾನ ಹೇಳಿದೆ: “ಯಾರೂ ಓದಿಲ್ಲ ತಗೋ. ಓದಿದ್ರ ನಲವತ್ಮೂರರಾಗ ಒಬ್ಬರರ ಆ ನಾಕ್ ಎಕರೆ ಎಲ್ಲೈತಿ ಅಂತ ಕೇಳ್ತಿದ್ರು.” ಅವನಿಗೆ ಇದರಿಂದ ಸಮಾಧಾನವಾಗಲಿಲ್ಲ. ಈಗೀಗ ಅರ್ಜಿಯನ್ನು ಮನುಷ್ಯರಿಗಿಂತ ಮೊದಲು ಕಂಪ್ಯೂಟರೇ ಓದಿ ಜರಡಿ ಹಿಡಿಯುತ್ತದಂತೆ. ಹಾಗಿದ್ದರೆ ರೋಬೋಟಿನ ಕೆಲಸ ಕಲಿಯುತ್ತೇನೆಂದು ಬಂದವನನ್ನು ಬಾಗಿಲಲ್ಲೇ ತಡೆದದ್ದು ಅದರ ಬಳಗದವರೇ.

ಆಮೇಲೆ ಬೇರೆ ಕಡೆ ಕೇಳಿದಾಗ ಒಂದೇ ಒಂದು ಕಡೆಯಿಂದ ಮಾತ್ರ ನಿಮಿಷದಲ್ಲಿ ಉತ್ತರ ಬಂತು. ರೂ. 4,999 ಕಟ್ಟಿದರೆ ಮನೆಯಲ್ಲೇ ಕುಳಿತು ನಾಲ್ಕು ವಾರದಲ್ಲಿ ರೋಬೋಟಿಕ್ಸ್ ಇಂಟರ್ನ್‌ಶಿಪ್ ಮುಗಿಯುತ್ತದೆ ಎಂದು. ಪ್ರಮಾಣಪತ್ರದ ಮಾದರಿಯನ್ನೂ ಕಳಿಸಿದ್ದರು. ನೋಡಿದರೆ ನಾನು ಸತ್ಕಾರ ಸಮಾರಂಭದ ಅಭಿನಂದನಾ ಪತ್ರಕ್ಕೆ ಹಾಕುವ ಬಂಗಾರದ ಅಂಚೇ ಅದು! “ಇದನ್ನ ನಾ ಇಪ್ಪತ್ತು ರೂಪಾಯಿಗೆ ತಗದ ಕೊಡ್ತೀನಿ, ಮನಿ ಮಂದಿಗೆ ಹತ್ತು” ಎಂದೆ. ಹುಡುಗ ಒಂದು ಕ್ಷಣ ಯೋಚಿಸಿದ್ದನ್ನು ನಾನು ನೋಡಿದ್ದೇನೆ, ಅಣ್ಣನಿಗೆ ಹೇಳಿಲ್ಲ.

ಆ ರಾತ್ರಿ ಊಟಕ್ಕೆ ಕುಳಿತಾಗ ಹುಡುಗ ರೋಬೋಟ್ ಎಂಬ ಶಬ್ದದ ಕತೆ ಹೇಳಿದ. ಚೆಕ್ ನಾಡಿನ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಲ್ಲಿ ಅದು ಮೊದಲು ಬಂತಂತೆ. ಶಬ್ದ ಸೂಚಿಸಿದವನು ಅವನ ಅಣ್ಣ ಜೋಸೆಫ್. ಅವರ ಭಾಷೆಯಲ್ಲಿ ರೊಬೋಟಾ ಎಂದರೆ ಜಮೀನುದಾರನಿಗೆ ಒಕ್ಕಲು ಮಕ್ಕಳು ಕಡ್ಡಾಯವಾಗಿ, ಕೂಲಿಯಿಲ್ಲದೆ ಮಾಡುತ್ತಿದ್ದ ದುಡಿಮೆ.

“ಬಿಟ್ಟಿ ಚಾಕ್ರಿ” ಎಂದ ಮುತ್ತ್ಯಾ, ರೊಟ್ಟಿ ಮುರಿಯುತ್ತ. ತುಸು ಹೊತ್ತು ಅಗಿದು ಮತ್ತೆ ಕೇಳಿದ: “ರೋಬೋಟ್ ಅಂದ್ರ ಬಿಟ್ಟಿ ಆಳು. ಪಗಾರ ಇಲ್ಲದ ಉಮೇದವಾರ ಅಂದ್ರೂ ಬಿಟ್ಟಿ ಆಳು. ನೀ ಹುಡುಕಾಕತ್ತಿದ್ದು ರೋಬೋಟನ್ನೋ, ರೋಬೋಟ್ ಆಗೂ ಕೆಲಸಾನೋ?”

ಯಾರೂ ಉತ್ತರ ಕೊಡಲಿಲ್ಲ. ವೈನಿ ಎಲ್ಲರ ತಾಟಿಗೂ ಇನ್ನಷ್ಟು ಶೇಂಗಾ ಚಟ್ನಿ ಹಾಕಿದಳು.

ದೂರದವರು ಓದದಿದ್ದರೆ ಹತ್ತಿರದವರನ್ನು ಕೇಳೋಣ ಎಂದು ನಾನೂ ಹುಡುಗನೂ ಬಸ್ಸು ಹತ್ತಿದೆವು. ಕಿತ್ತೂರಿನಲ್ಲಿ ನನ್ನ ಹೆಂಡತಿಯ ಅಣ್ಣನದು ಹೆದ್ದಾರಿ ಪಕ್ಕದ ಗ್ಯಾರೇಜು. ಅವನು ನಮ್ಮನ್ನು ರಸ್ತೆಗೆ ಮುಖ ಮಾಡಿ ಕೂಡಿಸಿ ಚಹಾ ಕೊಟ್ಟ. “ಪುಣೆ ಕಡಿಂದ ಬೆಂಗಳೂರಿಗೆ ದಿನಾ ಮನಿ ಮನಿಯಂಥಾ ಪೆಟಗಿ ಹೊಕ್ಕಾವ್ರೀ ಮಾವಾರ. ಒಳಗ ರೋಬೋಟ್ ಇದ್ರೂ ಇರಬೇಕು. ಒಂದೂ ಇಲ್ಲಿ ಇಳ್ಯಂಗಿಲ್ಲ” ಎಂದ. ನಿಜವೇ. ಈ ಊರಿನಲ್ಲಿ ನಿಲ್ಲಲೇಬೇಕಾಗಿ ಬಂದ ದೊಡ್ಡ ಅತಿಥಿ ಎಂದರೆ ಧಾರವಾಡದ ಕಲೆಕ್ಟರ್ ಥ್ಯಾಕರೆ. ಅವನನ್ನು ನಿಲ್ಲಿಸಿದ್ದು 1824ರ ಅಕ್ಟೋಬರಿನಲ್ಲಿ ಅಮಟೂರು ಬಾಳಪ್ಪನ ಗುಂಡು. ಚಹಾ ಮುಗಿಸಿ ತಿರುಗಿ ಬಂದೆವು.

ಸವದತ್ತಿಗೆ ಹೋದದ್ದು ವೈನಿಯ ಹರಕೆಗಾಗಿ. ಮಗನಿಗೆ ರೋಬೋಟ್ ಸಿಕ್ಕರೆ ಯಲ್ಲಮ್ಮನಿಗೆ ಉಡಿ ತುಂಬುತ್ತೇನೆಂದು ಬೇಡಿಕೊಂಡಿದ್ದಳು. ಗುಡ್ಡದ ಮೇಲೆ ಮಗನ ಹಣೆಗೆ ಭಂಡಾರ ಹಚ್ಚಿ, ಇದಕ್ಕೂ ಇರಲಿ ಎಂದು ಅವನ ಲ್ಯಾಪ್‌ಟಾಪಿಗೂ ಒಂದು ಮುಷ್ಟಿ ಹಾರಿಸಿದಳು. ಅರಿಶಿನ ಕೀಲಿಗಳ ಸಂದಿಗೆ ಇಳಿದು ‘ಆರ್’ ಅಕ್ಷರ ಕೂತುಬಿಟ್ಟಿತು. ಮುಂದಿನ ಒಂದು ವಾರ ನಮ್ಮ ಹುಡುಗ ಓಬೋಟಿಕ್ಸ್ ಎಂಜಿನಿಯರ್.

ಬರುವಾಗ ನವಿಲುತೀರ್ಥದಲ್ಲಿ ಇಳಿದೆವು. ಮಲಪ್ರಭೆಯನ್ನು ಕಟ್ಟಿ ನಿಲ್ಲಿಸಿದ ರೇಣುಕಾಸಾಗರ ತುಂಬಿದರೆ 2079.50 ಅಡಿ, 37.73 ಟಿಎಂಸಿ, ಮಳೆಗಾಲದಲ್ಲಿ ಈ ಅಂಕಿಗಳು ನಮ್ಮ ಕಡೆ ಜ್ವರದ ಅಂಕಿಗಳಂತೆ ಮನೆಮನೆಯಲ್ಲಿ ಓದಿಸಿಕೊಳ್ಳುತ್ತವೆ. ಹುಡುಗ ಗೇಟುಗಳನ್ನೇ ನೋಡುತ್ತ ನಿಂತ. “ಕಾಕಾ, ರೋಬೋಟ್ ಅಂದ್ರ ಮೂರ ಕೆಲಸ. ನೋಡೂದು, ತೀರ್ಮಾನ ಮಾಡೂದು, ಕೈ ಆಡಸೂದು. ನೀರಿನ ಮಟ್ಟ ನೋಡಿ ತಾನ ಗೇಟ್ ಎತ್ತಿದ್ರ ಅದೂ ರೋಬೋಟ.” ಗಡ್ಡ ಮೀಸೆ ಇರುವ ಮನುಷ್ಯನಂಥ ಯಂತ್ರವನ್ನು ಹುಡುಕುತ್ತಿದ್ದ ನನಗೆ ಆವತ್ತು ಮೊದಲ ಸಲ ಕಣ್ಣು ತೆರೆಯಿತು. ಮನೆಯ ತೊಟ್ಟಿ ತುಂಬಿದ ಕೂಡಲೇ ತಾನೇ ನಿಲ್ಲುವ ಮೋಟರಿಗೆ ಅಂದಿನಿಂದ ನಾನು ಮರ್ಯಾದೆ ಕೊಡುತ್ತೇನೆ.

ರಾಮದುರ್ಗದ ಕತೆ ಬೇರೆ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಗಿರಮಿಟ್ಟು ತಿಂದು, ಮಧ್ಯಾಹ್ನ ನನ್ನ ಹಳೆಯ ಗೆಳೆಯನ ಮನೆ ಸೇರಿದಾಗ ಅವನು ಮಗ್ಗದ ಮೇಲೆ ಮುಖ ಗಂಟಿಕ್ಕಿ ಕೂತಿದ್ದ. ನೇಯುತ್ತಿದ್ದ ಸೀರೆಯ ಸೆರಗಿನ ಹೂವಿಗೆ ಐದು ಎಸಳು ಬರಬೇಕು. ಎರಡು ದಿನದಿಂದ ಪ್ರತಿ ಹೂವಿನಲ್ಲೂ ನಾಲ್ಕೂವರೆ ಬರುತ್ತಿತ್ತು. “ಸಪ್ಪಳದಾಗ ಗೊತ್ತಾಗತೈತಿ, ಕಣ್ಣಿಗೆ ಕಾಣವಲ್ದು” ಎಂದ.

ಹುಡುಗ ಮಗ್ಗದ ನೆತ್ತಿಯ ಮೇಲಿದ್ದ ಜಕಾರ್ಡು ನೋಡಿದವನೇ ಚಪ್ಪಲಿ ಬಿಟ್ಟು ಮೇಲೆ ಹತ್ತಿದ. ತೂತು ಹೊಡೆದ ರಟ್ಟಿನ ಕಾರ್ಡುಗಳ ದೊಡ್ಡ ಮಾಲೆ ಅದು. ಲಾಳಿಯ ಒಂದೊಂದು ಓಟಕ್ಕೂ ಒಂದೊಂದು ಕಾರ್ಡು ಮುಂದೆ ಬರುತ್ತದೆ. ತೂತಿದ್ದಲ್ಲಿ ಸೂಜಿ ಒಳಗೆ ಹೋಗಿ ಹಾಸಿನ ಎಳೆ ಮೇಲೇಳುತ್ತದೆ. ತೂತಿಲ್ಲದಲ್ಲಿ ಸೂಜಿ ಹಿಂದೆ ಸರಿದು ಎಳೆ ಕೆಳಗೇ ಉಳಿಯುತ್ತದೆ. ಮೇಲೆ, ಕೆಳಗೆ, ಹೌದು, ಅಲ್ಲ. ಇಷ್ಟರಲ್ಲೇ ನವಿಲು, ಕಮಲ, ತೇರು ಎಲ್ಲ ಬರುತ್ತವೆ. ಫ್ರಾನ್ಸಿನ ಲಿಯೋನ್ ಊರಿನ ಜಕಾರ್ಡ್ 1804ರಲ್ಲಿ ಮಾಡಿದ ಹಿಕ್ಮತ್ತಿದು. ಇಂಗ್ಲೆಂಡಿನ ಬಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇದೇ ಕಾರ್ಡುಗಳ ಉಪಾಯ ಬಳಸಲು ಹೊರಟಿದ್ದ. 1890ರ ಅಮೆರಿಕದ ಜನಗಣತಿಯ ಎಣಿಕೆಯಲ್ಲೂ ತೂತಿನ ಕಾರ್ಡುಗಳೇ ಕೆಲಸ ಮಾಡಿದವು. ಬೆಂಗಳೂರಿನ ಕಂಪ್ಯೂಟರುಗಳಿಗೆ ರಾಮದುರ್ಗದ ಈ ಮಗ್ಗ ದೊಡ್ಡಪ್ಪನಾಗಬೇಕು ಎಂದಾಯಿತು. ದೊಡ್ಡಪ್ಪನ ಮನೆಯ ಮಾಡು ಸೋರುತ್ತದೆ, ಆ ಮಾತು ಬೇರೆ.

ಇಪ್ಪತ್ತು ನಿಮಿಷಕ್ಕೆ ಹುಡುಗ ಕಳ್ಳನನ್ನು ಹಿಡಿದ. ಹರಿದ ಒಂದು ಕಾರ್ಡಿಗೆ ಯಾರೋ ತೇಪೆ ಹಚ್ಚಿದ್ದರು. ತೇಪೆಯ ಚೂರು ಪಕ್ಕದ ಒಂದು ತೂತನ್ನೂ ಮುಚ್ಚಿತ್ತು. ಕಿತ್ತು ನೋಡಿದರೆ ಲಗ್ನಪತ್ರಿಕೆಯ ತುಂಡು. ಅಕ್ಷರ ನೋಡಿದ ಕೂಡಲೇ ನನಗೆ ಗೊತ್ತಾಯಿತು, ನಮ್ಮ ಅಂಗಡಿಯದೇ. ಹುಡುಗನ ಬದುಕಿನ ಯಾವ ತೊಡಕಿನ ತುದಿ ಹಿಡಿದು ಜಗ್ಗಿದರೂ ಇನ್ನೊಂದು ತುದಿಯಲ್ಲಿ ನಾನೇ ಇರುತ್ತೇನೆ.

ಐದನೇ ಎಸಳು ಪೂರ್ತಿ ಬಂದದ್ದು ನೋಡಿ ಗೆಳೆಯ ಹೇಳಿದ: “ಆರ ತಿಂಗಳ ಇಲ್ಲೇ ಇರಪಾ. ಊಟ, ಇರೂದು ನಮ್ಮಲ್ಲೇ. ದೀಪಾವಳಿಗೆ ಒಂದ ಜೋಡ ಅರಿವಿ.” ಎರಡು ತಿಂಗಳ ಹುಡುಕಾಟದಲ್ಲಿ ಬಂದ ಅತ್ಯುತ್ತಮ ಸ್ಟೈಪೆಂಡು ಅದೇ. ಆದರೆ ಕಾಲೇಜಿಗೆ ಕಂಪನಿಯ ಲೆಟರ್‌ಹೆಡ್ ಬೇಕು, ಜಿಎಸ್‌ಟಿ ನಂಬರು ಬೇಕು, ಕಲಿಸುವವರ ಹುದ್ದೆ ಬೇಕು. ಲೆಟರ್‌ಹೆಡ್ ನಾನು ಅರ್ಧ ತಾಸಿನಲ್ಲಿ ಹೊಡೆದುಕೊಡುತ್ತಿದ್ದೆ. ಹುದ್ದೆ ಎಂಬಲ್ಲಿ ‘ನೇಕಾರ’ ಎಂದು ಬರೆದರೆ ಆಗುವುದಿಲ್ಲ ಎಂದು ಫೋನಿನಲ್ಲೇ ಹೇಳಿಬಿಟ್ಟರು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಊರಿಗೆ ಬಂದ ರಾತ್ರಿಯೇ ನಮ್ಮ ಓಣಿಯ ಗುಡಿಯ ನಗಾರಿ ನಸುಕಿನ ಮೂರು ಗಂಟೆಗೆ ಬಡಿಯತೊಡಗಿತು. ಮೋಟರಿನಿಂದ ನಡೆಯುವ ನಾಲ್ಕು ಕೈಯ ಯಂತ್ರ ನಿಮ್ಮೂರಲ್ಲೂ ಇರಬಹುದು; ಎರಡು ಕೈ ನಗಾರಿಗೆ, ಒಂದು ಜಾಗಟೆಗೆ, ಒಂದು ಗಂಟೆಗೆ. ಬಾರಿಸುವ ಹುಡುಗರು ಸಿಗದಿದ್ದಾಗ ಎಲ್ಲರೂ ವಂತಿಗೆ ಹಾಕಿ ತಂದದ್ದು. ಓಣಿಗೆ ಓಣಿಯೇ ಎದ್ದು ನಿಂತಿತು. ದೆವ್ವದ ಕಾಟ ಎಂದರು ಕೆಲವರು. ಹುಡುಗ ಟಾರ್ಚು ಹಿಡಿದು ಹೋಗಿ ನೋಡಿದ. ಯಂತ್ರಕ್ಕೊಂದು ಟೈಮರ್ ಇತ್ತು. ಕರೆಂಟು ಹೋದಾಗಲೆಲ್ಲ ಅದೂ ನಿಲ್ಲುತ್ತಿತ್ತು. ಹೋದ ಕರೆಂಟೆಲ್ಲ ಕೂಡಿ ಎಂಟು ತಾಸಾದದ್ದರಿಂದ ಸಂಜೆ ಏಳರ ಆರತಿ ನಸುಕಿನ ಮೂರಕ್ಕೆ ಬಂದು ನಿಂತಿತ್ತು. ಹುಡುಗ ಬ್ಯಾಟರಿ ಸೆಲ್ ಇರುವ ಗಡಿಯಾರದ ಚಿಪ್ಪು ಕೂಡಿಸಿ, ಜಾಗಟೆಯ ಕೈಯ ಸಡಿಲಾದ ಬೋಲ್ಟು ಬಿಗಿದು ತಾಳ ಸರಿಮಾಡಿದ. ಪೂಜಾರಿಯವರು ಅರ್ಧ ತೆಂಗಿನಕಾಯಿ, ನೂರಾಒಂದು ರೂಪಾಯಿ ಕೊಟ್ಟರು.

ಮರುದಿನ ಹೊಸ ರೆಸ್ಯೂಮೆ, ಖಾಲಿ ಫೈಲಿನಿಂದ. ಮಾಡಿದ ಕೆಲಸ ಎಂಬಲ್ಲಿ ಎರಡೇ ಸಾಲು: ಗುಡಿಯ ನಗಾರಿ ಯಂತ್ರದ ದುರಸ್ತಿ, ಜಕಾರ್ಡು ಮಗ್ಗದ ದೋಷ ಪತ್ತೆ. ನಾಲ್ಕನೇ ದಿನಕ್ಕೆ ಬೆಳಗಾವಿಯ ಉದ್ಯಮಬಾಗಿನ ಒಂದು ಮಷಿನ್ ಶಾಪಿನ ಮಾಲಕರ ಫೋನು ಬಂತು.

“ನಗಾರಿ ರಿಪೇರಿ ಮಾಡಿದಾಂವ ನೀನ ಏನು?”

“ಹೌದ್ರೀ ಸರ್.”

“ನಮ್ಮ ಓಣಿ ಗುಡಿದೂ ನಡರಾತ್ರಿ ಬಡ್ಯಾಕತ್ತೈತಿ ಮಾರಾಯಾ. ಸೋಮವಾರ ಬಾ.”

ಉದ್ಯಮಬಾಗ ಎಂದರೆ ಎರಕ ಮತ್ತು ಲೇಥುಗಳ ಊರು. ಅಲ್ಲಿ ನಿಜವಾಗಿಯೂ ಒಂದು ರೋಬೋಟ್ ಇತ್ತು. ಮನುಷ್ಯನ ಮುಖ ಇಲ್ಲ, ಬರೀ ಒಂದು ಹಳದಿ ಕೈ. ಎರಕದ ತುಂಡನ್ನು ಎತ್ತಿ ಸಿಎನ್‌ಸಿ ಯಂತ್ರದ ಬಾಯಿಗಿಟ್ಟು, ಕೊರೆದಾದ ಮೇಲೆ ತೆಗೆದು ಪಕ್ಕಕ್ಕಿಡುವುದು ಅದರ ಕೆಲಸ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಮೋಟಾರು ಕಾರ್ಖಾನೆಗೆ ಸೇರಿದ ಯೂನಿಮೇಟ್ ಎಂಬ ಮೊದಲ ಕಾರ್ಖಾನೆ ರೋಬೋಟಿನ ಚಾಕರಿಯೂ ಕಾದ ಎರಕ ಎತ್ತಿಡುವುದೇ ಆಗಿತ್ತಂತೆ. ಹುಡುಗ ಹೋದ ದಿನ ಈ ಕೈಯ ಹಿಡಿಕೆಯ ವಾಲ್ವು ಕೆಟ್ಟಿತ್ತು; ಬಿಡಿಭಾಗ ಬರಲು ಒಂಬತ್ತು ದಿನ ಬೇಕಾಯಿತು. ಆ ಒಂಬತ್ತು ದಿನ ಎರಕ ಎತ್ತಿ ಯಂತ್ರದ ಬಾಯಿಗಿಟ್ಟವನು ನಮ್ಮ ಹುಡುಗ.

“ಹೇಳಿದ್ನಿಲ್ಲೋ?” ಎಂದ ಮುತ್ತ್ಯಾ.

ಹತ್ತನೇ ದಿನ ವಾಲ್ವು ಕೂಡಿಸಿ, ಕೈಗೆ ಹಾದಿ ಕಲಿಸುವ ಕೆಲಸವನ್ನು ಅವನಿಗೇ ಕೊಟ್ಟರು. ತುಂಡನ್ನು ಯಾವ ಓರೆಯಲ್ಲಿ ಹಿಡಿದರೆ ಜಾರುವುದಿಲ್ಲ ಎಂದು ಅವನ ಮೊಣಕೈಗೆ ಆಗಲೇ ಗೊತ್ತಾಗಿತ್ತು. ತಿಂಗಳ ಕೊನೆಗೆ ಆರು ಸಾವಿರ ರೂಪಾಯಿ ಬಂತು. ಕುಂದಾ ತಂದ. ವೈನಿ ಗುಡ್ಡಕ್ಕೆ ಹೋಗಿ ಉಡಿ ತುಂಬಿ ಬಂದಳು. ಈ ಸಲ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಡಿಸಿದೆವು.

ಈಗ ಹಿಂದಿನ ಓಣಿಯ ಹುಡುಗಿಯೊಬ್ಬಳು ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಬಂದಿದ್ದಾಳೆ. ಅವಳದೂ ಇದೇ ಓದು, ಇದೇ ಹುಡುಕಾಟ. ಒಕ್ಕಲುತನದ ಮನೆಯವಳು, ಮನೆಯ ಪಂಪ್‌ಸೆಟ್ಟನ್ನು ತಾನೇ ಬಿಚ್ಚಿ ಜೋಡಿಸುತ್ತಾಳೆ. ಓದುಗರಲ್ಲಿ ಯಾರ ಕಾರ್ಖಾನೆಯಲ್ಲಾದರೂ ರೋಬೋಟ್ ಇದ್ದರೆ, ಇಲ್ಲವೇ ಯಾರ ಓಣಿಯ ನಗಾರಿಯಾದರೂ ನಡುರಾತ್ರಿ ಬಡಿಯುತ್ತಿದ್ದರೆ, ಬೈಲಹೊಂಗಲದಲ್ಲಿ ಬಸ್ಸಿಳಿದು ಝೆರಾಕ್ಸ್ ಕಾಕಾನ ಅಂಗಡಿ ಎಲ್ಲಿ ಎಂದು ಕೇಳಿ. ರೆಸ್ಯೂಮೆಯನ್ನು ಎರಡು ಸಲ ತಿದ್ದಿದ್ದೇನೆ, ಎತ್ತರ ಹಾಕಿಲ್ಲ.